ಹ್ಯಾಂಡ್ ಟು ಮೌತ್: ಲೆಕ್ಕದ ಚೀಟಿಯಿಂದ ವಾಕ್ಯಕ್ಕೆ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಹೇಳಿಕೊಡುವವರಿಗೆಲ್ಲ ‘ಲಿವ್ ಫ್ರಮ್ ಹ್ಯಾಂಡ್ ಟು ಮೌತ್’ ಗೊತ್ತಿರುವ ತಲೆನೋವೇ. ಅರ್ಥ ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ ‘ಕಡು ಬಡತನ’ ಎನ್ನುತ್ತದೆ. ವಾಕ್ಯ ಬರೆಯಿರಿ ಎಂದರೆ ಮೂವತ್ತು ಜನರಲ್ಲಿ ಐದಾರು ಮಂದಿಯದು ಸರಿ ಇರುತ್ತಿತ್ತು. ಒಂದೊಂದು ಮನೆಯ ಜಮಾಖರ್ಚು ಬರೆದ ಚೀಟಿ ಹಿಡಿದು ಕಲಿಸಲು ಶುರು ಮಾಡಿದ ಮೇಲೆ, ಈಗ ಅಷ್ಟೇ ದೊಡ್ಡ ಬ್ಯಾಚಿನಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರು ಮಂದಿ ಸರಿಯಾಗಿ ಬರೆಯುತ್ತಾರೆ. ತಿಂಗಳು ಬಿಟ್ಟು ಕೇಳಿದರೂ ಹೆಚ್ಚು ಇಳಿಯುವುದಿಲ್ಲ. ಒಂದು ನುಡಿಗಟ್ಟಿಗೆ ಎರಡು ಗಂಟೆ ಸುರಿದರೆ ಸಿಲಬಸ್ ಮುಗಿಯುವುದು ಯಾವಾಗ ಎಂದು ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ನಡೆಸುವ ಗೆಳೆಯರು ಕೇಳುತ್ತಲೇ ಇದ್ದರು. ಅವರಲ್ಲಿ ಇಬ್ಬರು ಈಗ ನನ್ನ ಚೀಟಿಗಳ ಜೆರಾಕ್ಸ್ ತೆಗೆದುಕೊಂಡು ಹೋಗಿದ್ದಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ. ಇನ್ನೂರು ನುಡಿಗಟ್ಟುಗಳ ಪಟ್ಟಿ, ಪಕ್ಕದಲ್ಲಿ ಕನ್ನಡ ಅರ್ಥ: ಇದು ಎಲ್ಲ ಕಡೆ ನಡೆಯುವುದು. ಎಸ್‌ಎಸ್‌ಸಿ ಸಿಜಿಎಲ್ (ಕೇಂದ್ರ ಸರ್ಕಾರಿ ನೌಕರಿಗೆ ಪದವೀಧರರು ಬರೆಯುವ ಪರೀಕ್ಷೆ) ಮೊದಲ ಹಂತದಲ್ಲಿ ನಾಲ್ಕು ಆಯ್ಕೆಗಳಲ್ಲಿ ಅರ್ಥ ಗುರುತಿಸಲು ಪಟ್ಟಿ ಸಾಕು. ಒಂದು ಪ್ರಶ್ನೆಗೆ ಎರಡು ಅಂಕ, ತಪ್ಪಿದರೆ ಅರ್ಧ ಅಂಕ ಕಳೆಯುತ್ತಾರೆ, ಅಷ್ಟೇ. ಆದರೆ ಪಿಎಸ್‌ಐ ಪರೀಕ್ಷೆಯ ಮೊದಲ ಪತ್ರಿಕೆಯ ಭಾಷಾಂತರದಲ್ಲಿ, ಫೀ ರಿಯಾಯಿತಿ ಕೋರಿ ಬರೆಯುವ ಅರ್ಜಿಯಲ್ಲಿ, ಸಂದರ್ಶನದಲ್ಲಿ ವಾಕ್ಯವನ್ನು ಅವರೇ ಕಟ್ಟಬೇಕು. ಅಲ್ಲಿ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಎರಡನೆಯದು ಚಿತ್ರ ತೋರಿಸುವುದು. ಪ್ರೊಜೆಕ್ಟರ್ ಬಾಡಿಗೆ, ಬಣ್ಣದ ಪ್ರಿಂಟು, ಪುಸ್ತಕ ಎಲ್ಲ ಸೇರಿ ಆರೇಳು ಸಾವಿರ ರೂಪಾಯಿ ಹೋಗಿರಬೇಕು. ಹರಿದ ಬಟ್ಟೆಯ ಮನುಷ್ಯನ ಚಿತ್ರ ಕಂಡರೆ ಹುಡುಗರು ‘ಬೆಗ್ಗರ್’ ಎಂದೇ ಬರೆಯುತ್ತಾರೆ. ದುಡಿಯುವವನ ಬಗ್ಗೆ ಹೇಳುವ ನುಡಿಗಟ್ಟು ಬೇಡುವವನಿಗೆ ಅಂಟಿಕೊಂಡಿತು. ಮೂರನೆಯದು ಪದಕ್ಕೆ ಪದ ಅನುವಾದ. ಅದು ಇನ್ನೂ ಕೆಟ್ಟದ್ದು. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ನಮ್ಮವರ ತಲೆಯಲ್ಲಿ ಮೊದಲೇ ಕೂತಿದೆ. ಕೈ, ಬಾಯಿ ಎರಡೂ ಕಂಡ ಕೂಡಲೇ ಅದು ಎದ್ದು ಬರುತ್ತದೆ. ಕೈಗೆಟುಕಿದ ನೌಕರಿ ಕೊನೆಗಳಿಗೆಯಲ್ಲಿ ತಪ್ಪಿತು ಎನ್ನುವುದಕ್ಕೆ ‘ಮೈ ಜಾಬ್ ವಾಸ್ ಹ್ಯಾಂಡ್ ಟು ಮೌತ್’ ಎಂದು ಬರೆದವರು ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಈ ಗಾದೆಯನ್ನು ಮೊದಲೇ ಬೋರ್ಡಿನ ಮೇಲೆ ಬರೆದು, ಇದು ಬೇರೆ ಮಾತು ಎಂದು ಅಡ್ಡಗೆರೆ ಎಳೆದ ಮೇಲೆಯೇ ಪಾಠ ಶುರು ಮಾಡಿ.

ಕೆಲಸ ಮಾಡಿದ್ದು ಲೆಕ್ಕದ ಚೀಟಿ. ನುಡಿಗಟ್ಟನ್ನು ಅರ್ಥದಿಂದ ಆರಿಸಬಾರದು, ಮನೆಯ ಲೆಕ್ಕದಿಂದ ಆರಿಸಬೇಕು. ಒಂದೊಂದು ಚೀಟಿಯಲ್ಲಿ ಒಂದು ಮನೆ: ಬಂದದ್ದು, ಹೋದದ್ದು, ಉಳಿದದ್ದು, ನಾಳೆಯ ಊಟ ಎಲ್ಲಿಂದ. ಈ ನಾಲ್ಕು ಕಾಲಂ ತುಂಬುವ ತನಕ ಇಂಗ್ಲಿಷ್ ಮಾತೇ ಇಲ್ಲ.

ಮೊದಲ ಚೀಟಿ ಹಳ್ಳಿಯ ಕೂಲಿ ಮನೆಯದು. ಕೂಲಿಗೆ ಕರ್ನಾಟಕದ 2025-26ರ ನರೇಗಾ ದರ ಹಿಡಿದಿದ್ದೇನೆ, ದಿನಕ್ಕೆ 370 ರೂ. ವಾರಕ್ಕೆ ಐದು ದಿನ ಕೆಲಸ ಸಿಕ್ಕರೆ 1,850. ದಿನಸಿ 1,000, ಸಂಘದ ಕಂತು 400, ಸೌದೆ ಮತ್ತು ಗ್ಯಾಸಿನ ಪಾಲು 200, ಗುಳಿಗೆ, ಚಹಾ, ಮೊಬೈಲ್ ರೀಚಾರ್ಜ್ 250. ಕೂಡಿದರೆ ಅದೂ 1,850. ಉಳಿದದ್ದು ಸೊನ್ನೆ. ನಾಳೆ ಕೆಲಸಕ್ಕೆ ಹೋದರೆ ನಾಳೆಯ ಊಟ. ಇಲ್ಲಿ ಮಾತ್ರ ‘ದೇ ಲಿವ್ ಫ್ರಮ್ ಹ್ಯಾಂಡ್ ಟು ಮೌತ್’. ದುಡಿಮೆ ಇದೆ, ಊಟ ಇದೆ, ಉಳಿತಾಯ ಇಲ್ಲ: ಈ ಮೂರೂ ಕೂಡಿದಾಗಲೇ. ನಮ್ಮಲ್ಲಿ ‘ಅಂದಂದು ದುಡಿದು ಅಂದಂದು ಉಣ್ಣುವುದು’ ಎನ್ನುತ್ತಾರಲ್ಲ, ಅದೇ ಜಾಗ.

ಎರಡನೆಯದು ಪೇಟೆಯಲ್ಲಿ ಖಾಸಗಿ ಕಚೇರಿಯ ಗುಮಾಸ್ತನದು. ಸಂಬಳ 14,000. ಬಾಡಿಗೆ 5,000, ದಿನಸಿ 4,500, ಮಗುವಿನ ಶಾಲೆ 2,500, ಪೆಟ್ರೋಲ್ 1,200, ಸಾಲದ ಕಂತು 2,000. ಒಟ್ಟು 15,200. ತಿಂಗಳಿಗೆ 1,200 ಕಡಿಮೆ ಬೀಳುತ್ತದೆ, ಕೈಗಡ ತರುತ್ತಾನೆ. ಇವನಿಗೆ ‘ಹೀ ಈಸ್ ಸ್ಟ್ರಗ್ಲಿಂಗ್ ಟು ಮೇಕ್ ಎಂಡ್ಸ್ ಮೀಟ್’. ಹಳೆಯ ವ್ಯಾಕರಣ ಪುಸ್ತಕಗಳಲ್ಲಿ ‘ಮೇಕ್ ಬೋತ್ ಎಂಡ್ಸ್ ಮೀಟ್’ ಎಂದಿರುತ್ತದೆ. ಅದೂ ತಪ್ಪಲ್ಲ, ಈಗ ‘ಬೋತ್’ ಬಿಟ್ಟು ಬರೆಯುವುದೇ ಹೆಚ್ಚು. ಒಂದು ಎಚ್ಚರ: ಇದರ ಜೊತೆ ‘ಸ್ಟ್ರಗಲ್’, ‘ಹಾರ್ಡ್ಲಿ’, ‘ಕೆನಾಟ್’ ಇಂಥದೊಂದು ಪದ ಇಡಿಸಿ. ಅದಿಲ್ಲದೆ ‘ಹೀ ಮೇಕ್ಸ್ ಎಂಡ್ಸ್ ಮೀಟ್’ ಎಂದರೆ ಸಂಸಾರ ಹೇಗೋ ತೂಗುತ್ತಿದೆ ಎಂದಾಗುತ್ತದೆ, ಗುಮಾಸ್ತನ ಸ್ಥಿತಿಗೆ ತಿರುಗಾಮುರುಗಾ.

ಮೂರನೆಯ ಚೀಟಿ ಒಂಟಿ ಅಜ್ಜಿಯದು. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂ, ಅಂತ್ಯೋದಯ ಕಾರ್ಡಿನ 35 ಕೆ.ಜಿ. ಧಾನ್ಯ, ಬಿದ್ದುಹೋದ ಮಾಳಿಗೆ, ದುಡಿಯುವವರು ಯಾರೂ ಇಲ್ಲ. ‘ಶೀ ಲಿವ್ಸ್ ಇನ್ ಅಬ್ಜೆಕ್ಟ್ ಪಾವರ್ಟಿ’. ಕನ್ನಡದ ‘ಕಿತ್ತು ತಿನ್ನುವ ಬಡತನ’ಕ್ಕೆ ‘ಗ್ರೈಂಡಿಂಗ್ ಪಾವರ್ಟಿ’ಯೂ ಹೊಂದುತ್ತದೆ. ಎರಡಕ್ಕೂ ಹಿಂದೆ ‘ಆ್ಯನ್’ ಅಥವಾ ‘ಎ’ ಬರುವುದಿಲ್ಲ, ಮುಂದೆ ಬಹುವಚನವಿಲ್ಲ. ಈ ಅಜ್ಜಿಗೆ ಅರ್ಧ ತರಗತಿ ‘ಶೀ ಈಸ್ ಸ್ಟಾರ್ವಿಂಗ್’ ಎಂದು ಬರೆಯುತ್ತದೆ. ಚೀಟಿಯಲ್ಲಿ 35 ಕೆ.ಜಿ. ಎಂದು ಬರೆದಿಟ್ಟದ್ದೇ ಅದಕ್ಕಾಗಿ. ಅನ್ನವಿದೆ, ಬೇರೇನೂ ಇಲ್ಲ. ಬಡವರ ಬಗ್ಗೆ ಬರೆಯುವಾಗ ಇಲ್ಲದ ಹಸಿವನ್ನು ಸೇರಿಸುವುದು ನನಗೆ ಸರಿ ಕಾಣುವುದಿಲ್ಲ, ಆ ವಾಕ್ಯಕ್ಕೆ ಅಂಕ ಕೊಡುವುದಿಲ್ಲ.

ನಾಲ್ಕನೆಯದು ಬಲೆಯ ಚೀಟಿ. ಬೆಂಗಳೂರಿನಲ್ಲಿ 60,000 ಸಂಬಳ, ಕಾರಿನ ಇಎಂಐ, ಕ್ರೆಡಿಟ್ ಕಾರ್ಡು, ವಾರಕ್ಕೆರಡು ಸಲ ಹೋಟೆಲ್. ಇಪ್ಪತ್ತನೇ ತಾರೀಖಿಗೆ ಖಾತೆ ಖಾಲಿ. ಉಳಿತಾಯ ಸೊನ್ನೆ ಎಂದು ಕಂಡ ಕೂಡಲೇ ಚುರುಕಾದವರೇ ‘ಹ್ಯಾಂಡ್ ಟು ಮೌತ್’ ಬರೆದು ಬೀಳುತ್ತಾರೆ. ಇದು ‘ಹೀ ಲಿವ್ಸ್ ಬಿಯಾಂಡ್ ಹಿಸ್ ಮೀನ್ಸ್’, ಗಳಿಕೆ ಮೀರಿ ಖರ್ಚು ಮಾಡುವುದು. ಈ ಚೀಟಿಯನ್ನು ಮೊದಲ ಚೀಟಿಯ ಬೆನ್ನಿಗೇ ಕೊಡಬೇಡಿ, ಎರಡು ಮೂರು ಚೀಟಿ ಆದ ಮೇಲೆ ಕೊಡಿ. ಆಗಲೇ ಚರ್ಚೆ ಕಾವೇರುತ್ತದೆ, ನುಡಿಗಟ್ಟಿನ ಗಡಿ ತಾನಾಗಿ ಗೊತ್ತಾಗುತ್ತದೆ. ಐದನೆಯ ಚೀಟಿ ಇದಕ್ಕಿಂತ ಚೂಪಾಗಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ತರಗತಿಗೆ ಬರುವವರಿಗೆ ಬಿಟ್ಟಿದ್ದೇನೆ.

ಲೆಕ್ಕ ಮುಗಿದ ಮೇಲೆ ವಾಕ್ಯದ ಚೌಕಟ್ಟು. ಎರಡೇ ಚೌಕಟ್ಟು ಕೊಡುತ್ತೇನೆ, ಮೂರನೆಯದು ಬಂದರೆ ಎಲ್ಲ ಕಲಸಿಹೋಗುತ್ತದೆ. ಒಂದು ‘ಲಿವ್ ಫ್ರಮ್ ಹ್ಯಾಂಡ್ ಟು ಮೌತ್’. ಇನ್ನೊಂದು ‘ಲೀಡ್ ಎ ಹ್ಯಾಂಡ್ ಟು ಮೌತ್ ಎಗ್ಸಿಸ್ಟೆನ್ಸ್’. ‘ಫ್ರಮ್’ ಇಲ್ಲದೆ ‘ಲಿವ್ ಹ್ಯಾಂಡ್ ಟು ಮೌತ್’ ಎಂದೂ ಇಂಗ್ಲಿಷರು ಬರೆಯುತ್ತಾರೆ, ಸರಿಯೇ. ಆದರೆ ಹೊಸಬರಿಗೆ ‘ಫ್ರಮ್’ ಹಾಕಿಸಿದರೆ ‘ಬೈ ಹ್ಯಾಂಡ್ ಟು ಮೌತ್’, ‘ವಿತ್ ಹ್ಯಾಂಡ್ ಟು ಮೌತ್’ ನಿಲ್ಲುತ್ತವೆ.

ಮೊದಲ ಚೌಕಟ್ಟಿನಲ್ಲಿ ಕ್ರಿಯಾಪದದ್ದೇ ಗಲಾಟೆ. ‘ಹೀ ಈಸ್ ಹ್ಯಾಂಡ್ ಟು ಮೌತ್’, ‘ಹಿಸ್ ಕಂಡಿಷನ್ ಈಸ್ ಹ್ಯಾಂಡ್ ಟು ಮೌತ್’ ಎಂಬ ಬಳಕೆ ನಮ್ಮ ದೇಶದಲ್ಲಿ ಹರಡಿಕೊಂಡಿದೆ, ಮಾತಿನಲ್ಲಿ ಎಲ್ಲರಿಗೂ ಅರ್ಥವೂ ಆಗುತ್ತದೆ. ಪರೀಕ್ಷೆಯ ಹಾಳೆಯಲ್ಲಿ ಬೇಡ. ಕನ್ನಡದಲ್ಲಿ ‘ಅವನ ಸ್ಥಿತಿ ಹೀಗಿದೆ’ ಎಂದು ಯೋಚಿಸುವುದರಿಂದ ‘ಈಸ್’ ಬರುತ್ತದೆ. ‘ಬದುಕುತ್ತಾನೆ’ ಎಂದು ಯೋಚಿಸಲು ಹೇಳಿ, ‘ಲಿವ್ಸ್’ ಬರುತ್ತದೆ. ‘ದಿ ಹ್ಯಾಂಡ್ ಟು ದಿ ಮೌತ್’ ಇಲ್ಲ. ಕರ್ತೃ ಬಹುವಚನವಾದರೂ ‘ಹ್ಯಾಂಡ್ಸ್ ಟು ಮೌತ್ಸ್’ ಇಲ್ಲ. ಬದಲಾಗುವುದು ‘ಲಿವ್’ ಒಂದೇ: ಲಿವ್ಸ್, ಲಿವ್ಡ್, ಹ್ಯಾವ್ ಬೀನ್ ಲಿವಿಂಗ್. ಈ ಕೊನೆಯ ರೂಪದಲ್ಲಿ ಇನ್ನೊಂದು ಹೊಂಡವಿದೆ. ‘ಮೂರು ವರ್ಷದಿಂದ’ ಎಂಬ ನಮ್ಮ ‘ಇಂದ’ ಮತ್ತೊಂದು ‘ಫ್ರಮ್’ ತಂದು ಹಾಕುತ್ತದೆ. ಒಂದು ವಾಕ್ಯದಲ್ಲಿ ಎರಡು ‘ಫ್ರಮ್’ ಕಂಡರೆ ಕಾಲ ಹೇಳುವ ‘ಫ್ರಮ್’ಗೆ ಗೆರೆ ಹಾಕಿಸಿ. ಅವಧಿ ಹೇಳಿದರೆ ‘ಫಾರ್’: ‘ದೇ ಹ್ಯಾವ್ ಬೀನ್ ಲಿವಿಂಗ್ ಫ್ರಮ್ ಹ್ಯಾಂಡ್ ಟು ಮೌತ್ ಫಾರ್ ತ್ರೀ ಇಯರ್ಸ್’. ಇಸವಿ ಹೇಳಿದರೆ ‘ಸಿನ್ಸ್ 2022’.

ಎರಡನೆಯ ಚೌಕಟ್ಟಿನಲ್ಲಿ ಆರ್ಟಿಕಲ್ ಕೆಡುತ್ತದೆ. ‘ಎಗ್ಸಿಸ್ಟೆನ್ಸ್’ ಸ್ವರದಿಂದ ಶುರುವಾಗುತ್ತದೆ ಎಂದು ವ್ಯಾಕರಣ ಬಲ್ಲವರೇ ‘ಆ್ಯನ್ ಹ್ಯಾಂಡ್ ಟು ಮೌತ್ ಎಗ್ಸಿಸ್ಟೆನ್ಸ್’ ಬರೆಯುತ್ತಾರೆ. ಆರ್ಟಿಕಲ್ ನೋಡುವುದು ತನ್ನ ಪಕ್ಕದ ಪದವನ್ನು. ಪಕ್ಕದಲ್ಲಿ ‘ಹ್ಯಾಂಡ್’ ಇದೆ, ಅದರ ಎಚ್ ಉಚ್ಚಾರವಾಗುತ್ತದೆ, ಆದ್ದರಿಂದ ‘ಎ’. ಈ ಚೌಕಟ್ಟಿನಲ್ಲಿ ಮೂರು ಪದಗಳ ನಡುವೆ ಎರಡು ಅಡ್ಡಗೀಟು ಬೇಕು, ಮೊದಲನೆಯದರಲ್ಲಿ ಬೇಡ. ‘ಲೀಡ್’ನ ಭೂತಕಾಲ ‘ಲೆಡ್’, ಮೂರೇ ಅಕ್ಷರ: ಎಲ್, ಇ, ಡಿ. ಅಲ್ಲಿ ಎ ಸೇರಿಸಿದರೆ ಸೀಸವಾಗುತ್ತದೆ.

ಉಚ್ಚಾರದಲ್ಲಿ ಒಂದೇ ಒಂದು ವಿಷಯಕ್ಕೆ ಹಟ ಹಿಡಿಯುತ್ತೇನೆ. ‘ಲಿವ್’ ಹ್ರಸ್ವ. ‘ಲೀವ್ ಫ್ರಮ್’ ಎಂದು ಎಳೆದರೆ ಹೊರಟುಹೋಗುವುದಾಗುತ್ತದೆ. ವಾಟ್ಸಾಪ್‌ನಲ್ಲಿ ದಿನಕ್ಕೊಂದು ವಾಕ್ಯ ರೆಕಾರ್ಡ್ ಮಾಡಿ ಕಳಿಸಲು ಹೇಳಿ ನೋಡಿದೆ. ಹತ್ತು ಹನ್ನೆರಡು ದಿನಕ್ಕೆ ಫಲ ಕಾಣುತ್ತದೆ, ಆದರೆ ಎಲ್ಲರದನ್ನೂ ಕೇಳುವುದಕ್ಕೆ ರಾತ್ರಿ ಒಂದು ಗಂಟೆ ಬೇಕು. ದೊಡ್ಡ ಬ್ಯಾಚಿಗೆ ಆಗದ ಕೆಲಸ.

‘ಬಿಲೋ ದಿ ಪಾವರ್ಟಿ ಲೈನ್’ ಬಗ್ಗೆ ಬೇರೆಯೇ ಚೀಟಿ ಇದೆ, ಅದರಲ್ಲಿ ಮನೆಯಿಲ್ಲ, ಅಂಕಿ ಮಾತ್ರ. ಇದು ಸರ್ಕಾರಿ ಅಳತೆಗೆ ಸೇರಿದ ಮಾತು. ತೆಂಡೂಲ್ಕರ್ ಸಮಿತಿಯ ವಿಧಾನದಂತೆ 2011-12ಕ್ಕೆ ದೇಶದ ಬಡತನ ರೇಖೆ ತಲೆಗೆ ತಿಂಗಳಿಗೆ ಹಳ್ಳಿಯಲ್ಲಿ 816 ರೂ, ಪಟ್ಟಣದಲ್ಲಿ 1,000 ರೂ. ವಿಶ್ವಬ್ಯಾಂಕಿನ ‘ಎಕ್ಸ್‌ಟ್ರೀಮ್ ಪಾವರ್ಟಿ’ ರೇಖೆ ದಿನಕ್ಕೆ 2.15 ಡಾಲರ್ ಇತ್ತು, 2025ರ ಜೂನ್‌ನಲ್ಲಿ 3 ಡಾಲರ್‌ಗೆ ಏರಿಸಿದರು. ಪ್ರಬಂಧದಲ್ಲಿ ಅಂಕಿಅಂಶ, ಯೋಜನೆ, ಕಾರ್ಡು ಬಂದಾಗ ಈ ಪದಗಳು. ಒಂದು ಮನೆಯ ದಿನಚರಿ ಬಂದಾಗ ‘ಹ್ಯಾಂಡ್ ಟು ಮೌತ್’. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಬೇಡಿ. ನಾವು ‘ಬಿಪಿಎಲ್ ಫ್ಯಾಮಿಲಿ’ ಎಂದು ಬಳಸಿ ಬಳಸಿ ‘ದಿ’ ಬಿಡುತ್ತೇವೆ. ‘ದೇ ಲಿವ್ ಬಿಲೋ’ ಆದ ಮೇಲೆ ‘ದಿ’ ಬರಲೇಬೇಕು.

ನಡುವೆ ‘ಆ್ಯಸ್ ಪೂರ್ ಆ್ಯಸ್ ಎ ಚರ್ಚ್ ಮೌಸ್’ ಕೂಡ ಸೇರಿಸಿ ನೋಡಿದೆ. ಚರ್ಚಿನಲ್ಲಿ ಕಾಳುಕಡಿ ಇಡುವುದಿಲ್ಲ, ಅಲ್ಲಿನ ಇಲಿಗೆ ತಿನ್ನಲು ಸಿಗುವುದಿಲ್ಲ ಎಂದು ವಿವರಿಸಿದೆ. ನಮ್ಮ ಗುಡಿಗಳಲ್ಲಿ ನೈವೇದ್ಯ, ಕಾಯಿ, ಬೆಲ್ಲ ತಿಂದು ಕೊಬ್ಬಿದ ಇಲಿಗಳನ್ನು ಕಂಡ ಮಕ್ಕಳಿಗೆ ಅದು ಹಿಡಿಸಲೇ ಇಲ್ಲ. ಕೈಬಿಟ್ಟೆ. ರೈತನ ಚೀಟಿಯೂ ಇನ್ನೂ ಪಕ್ಕಾ ಆಗಿಲ್ಲ. ನವಲಗುಂದದ ಕಡೆಯ ಹತ್ತಿ ಬೆಳೆಗಾರನಿಗೆ ಹಣ ಬರುವುದು ವರ್ಷಕ್ಕೊಮ್ಮೆ, ಬಂದ ವಾರದಲ್ಲೇ ಬೀಜ, ಗೊಬ್ಬರದ ಬಾಕಿಗೆ ಹೋಗುತ್ತದೆ. ಉಳಿತಾಯ ಇಲ್ಲ, ಆದರೆ ಅಂದಂದಿನ ದುಡಿಮೆಯೂ ಇಲ್ಲ. ಸದ್ಯಕ್ಕೆ ‘ಹೀ ಈಸ್ ಡೀಪ್ ಇನ್ ಡೆಟ್’ ಎಂದು ಬರೆಸುತ್ತೇನೆ. ‘ಡೆಟ್’ನಲ್ಲಿ ಬರೆಯುವ ಬಿ ಉಚ್ಚರಿಸುವುದಿಲ್ಲ ಎಂದು ಜೊತೆಗೇ ಹೇಳಿಬಿಡಿ.

ಈ ಪಾಠದಿಂದ ನಿಜವಾದ ಲಾಭ ಸಿಕ್ಕಿದ್ದು ಅರ್ಜಿಗಳಲ್ಲಿ. ‘ಐ ಆ್ಯಮ್ ಎ ಪೂರ್ ಸ್ಟೂಡೆಂಟ್’ ಎಂದು ಶುರುವಾಗುವ ಅರ್ಜಿಗಳನ್ನು ನೀವೂ ನೋಡಿರುತ್ತೀರಿ. ಓದುವವರಿಗೆ ಅದು ‘ನಾನು ಓದಿನಲ್ಲಿ ಹಿಂದೆ’ ಎಂದು ಕೇಳಿಸುತ್ತದೆ. ವಿದ್ಯಾರ್ಥಿವೇತನ ಕೇಳುವ ಹುಡುಗಿ ತನ್ನ ಮೇಲೆ ತಾನೇ ದೂರು ಕೊಟ್ಟಂತಾಗಬಾರದು. ‘ಐ ಆ್ಯಮ್ ಬಿಲಾಂಗಿಂಗ್ ಟು ಪೂರ್ ಫ್ಯಾಮಿಲಿ’ಯೂ ಬೇಡ, ‘ಬಿಲಾಂಗ್’ಗೆ ಇಂಗ್ ಹತ್ತುವುದಿಲ್ಲ. ನಾನು ಬರೆಸುವುದು ಎರಡು ವಾಕ್ಯ: ‘ಮೈ ಪೇರೆಂಟ್ಸ್ ಆರ್ ಡೈಲಿ ವೇಜ್ ಲೇಬರರ್ಸ್, ಆ್ಯಂಡ್ ವೀ ಲಿವ್ ಫ್ರಮ್ ಹ್ಯಾಂಡ್ ಟು ಮೌತ್. ಐ ಆ್ಯಮ್ ಅನೇಬಲ್ ಟು ಪೇ ದಿ ಫೀ ಆಫ್’ ಎಂದು ನಿಲ್ಲಿಸಿ, ಮುಂದೆ ಮೊತ್ತ. ಮೊತ್ತ ಹಾಕಲೇಬೇಕು. ಕೆಲಸ ಏನು, ಉಳಿತಾಯ ಯಾಕಿಲ್ಲ, ಎಷ್ಟು ಬೇಕು, ಮೂರೂ ಬಂದವು. ಗೋಗರೆಯುವ ಮಾತು ಒಂದೂ ಬೇಕಾಗಲಿಲ್ಲ.

‘ದಿ ಪೂರ್’ ಎಂದರೇ ಬಡವರು, ಬಹುವಚನ. ‘ದಿ ಪೂರ್ಸ್’ ಎಂಬ ಪದ ಇಲ್ಲ, ‘ದಿ ಪೂರ್ ಈಸ್’ ಅಲ್ಲ, ‘ದಿ ಪೂರ್ ಆರ್’. ಒಬ್ಬನಾದರೆ ‘ಎ ಪೂರ್ ಮ್ಯಾನ್’. ‘ಪೂರ್ ಫೆಲೋ’ ಎಂದರೆ ‘ಪಾಪ’ ಎಂದು ಮರುಗಿದಂತೆ, ಅವನು ಲಕ್ಷಾಧೀಶನೂ ಆಗಿರಬಹುದು.

ಖರ್ಚು ಕೇಳುವವರಿಗೆ: ಚೀಟಿಗಳನ್ನು ದಪ್ಪ ಹಾಳೆಯಲ್ಲಿ ಎ4ಕ್ಕೆ ನಾಲ್ಕರಂತೆ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿದರೆ ಮೂವತ್ತು ಜನರ ಬ್ಯಾಚಿಗೆ ನಾನೂರು ರೂಪಾಯಿಯೊಳಗೆ ಮುಗಿಯುತ್ತದೆ, ಎರಡು ವರ್ಷ ಬಾಳುತ್ತದೆ. ಲ್ಯಾಮಿನೇಟ್ ಮಾಡದಿದ್ದರೆ ಮೂರನೇ ಬ್ಯಾಚಿಗೆ ಅಂಚು ಸವೆದು ಅಂಕಿ ಅಳಿಸಿಹೋಗುತ್ತದೆ. ಕೂಲಿ ದರ ವರ್ಷ ವರ್ಷ ಬದಲಾಗುವುದರಿಂದ ಮೊದಲ ಚೀಟಿಯಲ್ಲಿ ಆ ಜಾಗ ಖಾಲಿ ಬಿಟ್ಟು ಮಾರ್ಕರ್‌ನಲ್ಲಿ ಬರೆಯಿರಿ, ಸ್ಪಿರಿಟ್ ಹಚ್ಚಿ ಒರೆಸಿದರೆ ಹೋಗುತ್ತದೆ. ಕೂಲಿ ಬದಲಿಸಿದಾಗ ದಿನಸಿಯನ್ನೂ ಬದಲಿಸಿ. ಕೂಲಿಯೊಂದನ್ನೇ ಏರಿಸಿದರೆ ಮೂರನೇ ಕಾಲಂನಲ್ಲಿ ಐವತ್ತು ನೂರು ಉಳಿದು, ಅಷ್ಟಕ್ಕೇ ನುಡಿಗಟ್ಟು ಹೊಂದುವುದಿಲ್ಲ ಎಂದು ಯಾರಾದರೂ ಕೈ ಎತ್ತುತ್ತಾರೆ.