ಹಡಗು ಕಾಯುವುದಿಲ್ಲ: ಕ್ರೂಸ್‌ಗೆ ಹೋದವರು ಬಂದರಿನಲ್ಲೇ ಉಳಿಯದಂತೆ ನೋಡಿಕೊಳ್ಳುವುದು ಹೇಗೆ?

ಚಿಕ್ಕಮಗಳೂರು ಕಡೆ ಈಗ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಕ್ರೂಸ್‌ಗೆ ಹೋಗಿಬಂದವರು ಒಬ್ಬರಾದರೂ ಸಿಗುತ್ತಾರೆ. ಕಾಫಿಗೆ ಒಳ್ಳೆ ರೇಟ್ ಬಂದಮೇಲೆ ಇದು ಜಾಸ್ತಿಯಾಯಿತು. ಕೊಯ್ಲು ಮುಗಿಯಿತು, ಹೂಮಳೆಯೂ ಬಿತ್ತು, ಇನ್ನೇನು ಅಂತ ಸಿಂಗಪುರಕ್ಕೆ ಹೋಗಿ ಹಡಗು ಹತ್ತುತ್ತಾರೆ. ವಾಪಸ್ ಬಂದು ಹಡಗಿನ ಊಟ, ಈಜುಕೊಳ, ರಾತ್ರಿಯ ಷೋ ಎಲ್ಲ ವರ್ಣಿಸುತ್ತಾರೆ. ನಡುವೆ ಯಾವುದೋ ಬಂದರಿನಲ್ಲಿ ಇಳಿದು, ಊರು ಸುತ್ತಿ, ಹಡಗು ತಪ್ಪಿಹೋಗುತ್ತದೆ ಅಂತ ಬಿಸಿಲಲ್ಲಿ ಓಡಿದ್ದನ್ನು ಮಾತ್ರ ಹೇಳುವುದಿಲ್ಲ. ನಾನು ಮೂರು ಸಲ ಹೋಗಿದ್ದೇನೆ. ಎರಡು ಸಲ ಡೆಕ್ ಮೇಲೆ ನಿಂತು ಬೇರೆಯವರು ಓಡುವುದನ್ನು ನೋಡಿದೆ. ಒಂದು ಸಲ ನಾನೇ ಓಡಿದೆ.

ನಮ್ಮ ತಲೆಯಲ್ಲಿ ಹಡಗು ಅಂದರೆ ದೊಡ್ಡದೊಂದು ಕೆಎಸ್ಸಾರ್ಟಿಸಿ ಬಸ್ಸು. ಹಾಸನದ ಬಸ್‌ಸ್ಟಾಂಡಿನಲ್ಲಿ ಕಾಫಿ ಕುಡಿಯಲು ಇಳಿದರೆ ಪಕ್ಕದ ಸೀಟಿನವರು ‘ಇವರಿನ್ನೂ ಬಂದಿಲ್ಲ, ಒಂದ್ನಿಮಿಷ ತಡೀರಿ’ ಅನ್ನುತ್ತಾರೆ. ಕಂಡಕ್ಟರ್ ಬೈದುಕೊಂಡಾದರೂ ಕಾಯುತ್ತಾನೆ. ಹಡಗಿನಲ್ಲಿ ಇದು ನಡೆಯಲ್ಲ. ಬಂದರಿನಿಂದ ಹೊರಗೆ ದಾರಿ ತೋರಿಸುವ ಪೈಲಟ್ ಬರುವುದು ಇಂಥ ಹೊತ್ತಿಗೆ ಅಂತ ಮೊದಲೇ ನಿಗದಿಯಾಗಿರುತ್ತದೆ. ಅದೇ ಜಾಗಕ್ಕೆ ಇನ್ನೊಂದು ಹಡಗು ಬರಬೇಕಿರಬಹುದು. ಕೆಲವು ಕಡೆ ನೀರಿನ ಏರಿಳಿತ ನೋಡಿಕೊಂಡೇ ಹೊರಡಬೇಕು. ತಡವಾದರೆ ಮುಂದೆ ಸಮುದ್ರದಲ್ಲಿ ವೇಗ ಹೆಚ್ಚಿಸಬೇಕು, ಅದಕ್ಕೆ ಸುಡುವ ಎಣ್ಣೆಯ ಲೆಕ್ಕ ಬೇರೆ. ಸಾವಿರಾರು ಜನರಿರುವ ಹಡಗು ನಾಲ್ಕು ಜನರಿಗಾಗಿ ಯಾಕೆ ನಿಲ್ಲುತ್ತದೆ?

2024ರ ಮಾರ್ಚ್‌ನಲ್ಲಿ ಆಫ್ರಿಕಾ ಪಕ್ಕದ ಸಾವೊ ಟೋಮೆ ದ್ವೀಪದಲ್ಲಿ ಹೀಗೇ ಎಂಟು ಜನ ಉಳಿದುಹೋದರು. ಹಡಗಿನವರದ್ದಲ್ಲದ ಟೂರ್‌ಗೆ ಹೋಗಿದ್ದರು, ವಾಪಸ್ ಬರುವಾಗ ತಡವಾಯಿತು. ಅಲ್ಲಿನ ಕರಾವಳಿ ಕಾವಲಿನವರು ದೋಣಿಯಲ್ಲಿ ಹಡಗಿನ ಬುಡದ ತನಕ ಕರೆದುಕೊಂಡು ಹೋದರು. ಹಡಗು ಇನ್ನೂ ಅಲ್ಲೇ ನಿಂತಿತ್ತು. ಆದರೂ ಹತ್ತಿಸಿಕೊಳ್ಳಲಿಲ್ಲ. ಅವರು ಒಂದು ದೇಶದಿಂದ ಇನ್ನೊಂದಕ್ಕೆ ವಿಮಾನ, ವ್ಯಾನು ಹಿಡಿದು ಕೊನೆಗೆ ಸೆನೆಗಲ್‌ನಲ್ಲಿ ಹಡಗು ಸೇರಿದರು.

ಇನ್ನು ಹೆಜ್ಜೆಗಳಿಗೆ ಬರೋಣ.

1. ಊರು ಬಿಡುವ ಮೊದಲು

ಹಡಗು ಹತ್ತುವ ದಿನವೇ ಬೆಳಗ್ಗೆ ವಿಮಾನ ಇಳಿಯುವ ಹಾಗೆ ಟಿಕೆಟ್ ಮಾಡಿಸಬೇಡಿ, ಒಂದು ದಿನ ಮೊದಲೇ ಹೋಗಿ. ಸಿಂಗಪುರದಲ್ಲಿ ಹತ್ತಿ ಅಲ್ಲಿಗೇ ವಾಪಸ್ ಬರುವುದಾದರೆ ವೀಸಾ ಮಲ್ಟಿಪಲ್ ಎಂಟ್ರಿ, ಅಂದರೆ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವಂಥದ್ದು, ಇದೆಯಾ ನೋಡಿಕೊಳ್ಳಿ. ಇಷ್ಟು ಸಾಕು.

2. ಹಿಂದಿನ ರಾತ್ರಿ

ಕ್ಯಾಬಿನ್‌ಗೆ ಒಂದು ಹಾಳೆ ಬರುತ್ತದೆ, ಇಲ್ಲವೇ ಹಡಗಿನ ಆ್ಯಪ್‌ನಲ್ಲಿ ಮರುದಿನದ ಪಟ್ಟಿ ಇರುತ್ತದೆ. ನಮ್ಮವರು ಅದರಲ್ಲಿ ನೋಡುವುದು ತಿಂಡಿ ಎಲ್ಲಿ, ಇಡ್ಲಿ ಸಿಗುತ್ತಾ ಅನ್ನುವುದನ್ನು. ನೀವು ನೋಡಬೇಕಾದದ್ದು ಎರಡು ಟೈಮು. ಹಡಗು ಹೊರಡುವ ಟೈಮು ಒಂದು. ಎಲ್ಲರೂ ಒಳಗಿರಬೇಕಾದ ಟೈಮು ಇನ್ನೊಂದು. ಇದಕ್ಕೆ ‘ಆಲ್ ಅಬೋರ್ಡ್’ ಅನ್ನುತ್ತಾರೆ. ಸಾಮಾನ್ಯವಾಗಿ ಹೊರಡುವುದಕ್ಕಿಂತ ಅರ್ಧ ಗಂಟೆ ಮೊದಲಿರುತ್ತದೆ, ಕೆಲವು ಸಲ ಒಂದು ಗಂಟೆ. ಹೊರಡುವ ಟೈಮನ್ನು ಮರೆತುಬಿಡಿ. ಅದು ಕ್ಯಾಪ್ಟನ್‌ಗೆ ಬೇಕಾದದ್ದು, ನಮಗಲ್ಲ.

ಹಡಗು ದಡಕ್ಕೆ ಬರದೆ ಸಮುದ್ರದಲ್ಲೇ ಲಂಗರು ಹಾಕಿದರೆ ಜನರನ್ನು ಟೆಂಡರ್ ಅನ್ನುವ ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುತ್ತಾರೆ. ಆಗ ನಿಮಗೆ ಬೇಕಾದದ್ದು ದಡದಿಂದ ಹೊರಡುವ ಕೊನೆಯ ದೋಣಿಯ ಟೈಮು. ಇಳಿಯುವ ಬಾಗಿಲ ಹತ್ತಿರ ಬೋರ್ಡ್ ಇಟ್ಟಿರುತ್ತಾರೆ, ಅದರ ಫೋಟೊ ಹೊಡೆದುಕೊಳ್ಳಿ. ಆ್ಯಪ್ ನಂಬಿಕೊಂಡು ಇಳಿಯಬೇಡಿ. ಹಡಗಿನ ವೈಫೈ ದಾಟಿದ ಮೇಲೆ ಅದು ತೆರೆಯದೆಯೂ ಇರಬಹುದು.

3. ಯಾರ ಗಡಿಯಾರ?

ಜನ ಎಡವುವುದೇ ಇಲ್ಲಿ. ಹಾಗಾಗಿ ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ.

ಹಡಗಿಗೆ ಅದರದ್ದೇ ಟೈಮು ಇರುತ್ತದೆ. ಸಿಂಗಪುರದಿಂದ ಹೊರಟ ಹಡಗು ಸಿಂಗಪುರದ ಟೈಮನ್ನೇ ಇಟ್ಟುಕೊಂಡು ಥಾಯ್ಲೆಂಡಿನ ಫುಕೆಟ್‌ಗೆ ಹೋಗಬಹುದು. ಫುಕೆಟ್‌ನ ಟೈಮು ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಫೋನ್ ದಡದ ಟವರ್ ಹಿಡಿದ ಕೂಡಲೇ ಯಾರನ್ನೂ ಕೇಳದೆ ಫುಕೆಟ್ ಟೈಮಿಗೆ ತಿರುಗುತ್ತದೆ. ಹಡಗಿನಲ್ಲಿ ನಾಲ್ಕು ಗಂಟೆ, ನಿಮ್ಮ ಫೋನಿನಲ್ಲಿ ಮೂರು. ಇನ್ನೂ ತಮಾಷೆ ಅಂದರೆ, ರೋಮಿಂಗ್ ಬಿಲ್ಲಿಗೆ ಹೆದರಿ ಹೆಂಡತಿ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಗಂಡನ ಫೋನಿನಲ್ಲಿ ಅಲ್ಲಿಯ ಸಿಮ್. ಒಂದೇ ಮನೆಯ ಎರಡು ಫೋನು, ಎರಡು ಟೈಮು. ಇಬ್ಬರೂ ತಮ್ಮದೇ ಸರಿ ಅಂತ ವಾದ.

ಪಶ್ಚಿಮದ ಕಡೆ ಹೋಗುವಾಗ ಜಾಸ್ತಿ ಎಚ್ಚರ ಬೇಕು. ಸಿಂಗಪುರದಿಂದ ಫುಕೆಟ್, ದುಬೈನಿಂದ ದೋಹಾ, ಎರಡು ಕಡೆಯೂ ದಡದ ಟೈಮು ಒಂದು ಗಂಟೆ ಹಿಂದೆ. ಹಡಗು ಹಳೇ ಟೈಮನ್ನೇ ಇಟ್ಟುಕೊಂಡಿದ್ದರೆ ಫೋನ್ ನಿಮಗೆ ಇಲ್ಲದ ಒಂದು ಗಂಟೆಯನ್ನು ಇದೆ ಅಂತ ತೋರಿಸುತ್ತದೆ. ಇಟಲಿಯಿಂದ ಗ್ರೀಸ್‌ಗೆ ಹೋದರೆ ಉಲ್ಟಾ. ಅಲ್ಲಿ ಫೋನ್ ನಂಬಿದರೂ ಒಂದು ಗಂಟೆ ಮೊದಲೇ ಬಂದು ಕೂರುತ್ತೀರಿ, ನಷ್ಟವಿಲ್ಲ. ಮುಂಬೈಯಿಂದ ಗೋವಾ, ಲಕ್ಷದ್ವೀಪ ಅಂತ ಹೋಗುವವರಿಗೆ ಈ ತಲೆನೋವೇ ಇಲ್ಲ. ಮಲೇಷ್ಯಾದ ಪೆನಾಂಗ್‌ನಲ್ಲೂ ಸಿಂಗಪುರದ್ದೇ ಟೈಮು.

ಎಲ್ಲ ಹಡಗುಗಳೂ ಒಂದೇ ಥರ ಅಲ್ಲ. ಕೆಲವರು ‘ಇವತ್ತು ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ’ ಅಂತ ಹಾಳೆಯಲ್ಲಿ ಬರೆದು ದಡದ ಟೈಮಿಗೇ ಬದಲಾಗುತ್ತಾರೆ. ಹಾಗಾಗಿ ಹೋದ ಸಲದ ಅನುಭವ ಈ ಸಲಕ್ಕೆ ಬರುವುದಿಲ್ಲ. ಇಳಿಯುವ ಮೊದಲು ಬಾಗಿಲ ಹತ್ತಿರ, ಯಾರು ಇಳಿದರು ಯಾರು ಹತ್ತಿದರು ಅನ್ನುವ ಲೆಕ್ಕಕ್ಕೆ ನಮ್ಮ ಹಡಗಿನ ಕಾರ್ಡ್ ಸ್ವೈಪ್ ಮಾಡುವ ಹುಡುಗನನ್ನು ಕೇಳಿ: ಈಗ ಹಡಗಿನ ಟೈಮ್ ಎಷ್ಟು? ಅವನು ಹೇಳಿದ್ದಕ್ಕೆ ವಾಚ್ ಸರಿಮಾಡಿಕೊಳ್ಳಿ.

ವಾಚ್ ಅಂದೆ, ಫೋನ್ ಅಲ್ಲ. ನನ್ನದು ಅಪ್ಪನ ಎಚ್‌ಎಂಟಿ ಜನತಾ, ಕೀ ಕೊಡುವ ವಾಚು. ಅದಕ್ಕೆ ಟವರ್ ಗೊತ್ತಿಲ್ಲ, ಉಪಗ್ರಹ ಗೊತ್ತಿಲ್ಲ. ನಾನು ಇಟ್ಟ ಟೈಮು ಬಿಟ್ಟು ಬೇರೆ ತೋರಿಸಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ಕೀ ಕೊಡಲು ಮರೆತರೆ ನಿಂತೇಹೋಗುತ್ತದೆ, ಅದೊಂದು ಇದೆ. ಕೀ ಕೊಡುವ ತಾಳ್ಮೆ ಇಲ್ಲದವರು ಅಗ್ಗದ ಸೆಲ್ ವಾಚ್ ಒಂದನ್ನು ತೆಗೆದುಕೊಳ್ಳಿ. ಸ್ಮಾರ್ಟ್‌ವಾಚ್ ಮಾತ್ರ ಬೇಡವೇ ಬೇಡ. ಅದು ಫೋನ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟೈಮು ತಾನಾಗಿಯೇ ಬದಲಾಗದಂತೆ ಆಫ್ ಮಾಡಬಹುದು, ನಿಜ. ಆದರೆ ಹಾಗೆ ಗಡಿಯಾರ ತಿರುಗಿಸಿಟ್ಟರೆ ಕೆಲವು ಆ್ಯಪ್‌ಗಳು ತೆರೆಯುವುದಕ್ಕೇ ತಕರಾರು ಮಾಡುತ್ತವೆ. ದಡದಲ್ಲಿ ಟ್ಯಾಕ್ಸಿ ಕರೆಯಲು ಅದೇ ಫೋನ್ ಬೇಕಲ್ವಾ?

ನಾನು ಓಡಿದ ಕಥೆಯೂ ಫುಕೆಟ್‌ನದ್ದೇ. ಆ ಸಲ ವಾಚ್ ಮನೆಯಲ್ಲೇ ಬಿಟ್ಟುಬಂದಿದ್ದೆ. ಕೊನೆಯ ದೋಣಿ ನಾಲ್ಕೂವರೆಗೆ. ಪಟಾಂಗ್ ಬೀಚಿನ ಹೋಟೆಲೊಂದರಲ್ಲಿ ಕೂತಿದ್ದೆವು. ‘ಟೈಮ್ ಎಷ್ಟಾಯ್ತು ಭಾವ?’ ಅಂದೆ. ‘ಮೂರೂ ಹತ್ತು ಕಣಯ್ಯಾ, ಇನ್ನೂ ರಾಶಿ ಹೊತ್ತಿದೆ, ಕೂತ್ಕೊ’ ಅಂದರು, ಫೋನ್ ನೋಡಿ. ಇನ್ನೊಂದು ಪ್ಲೇಟ್ ಮೀನು ಹೇಳಿದರು. ಬೆಳಗ್ಗೆ ನಮ್ಮ ಜೊತೆ ಲಿಫ್ಟ್‌ನಲ್ಲಿ ಇಳಿದಿದ್ದ ಗುಜರಾತಿ ಕುಟುಂಬವೊಂದು ಮರಳಲ್ಲಿ ದಡಬಡ ಓಡುತ್ತಾ ಹೋಗುವುದನ್ನು ಅಕ್ಕ ನೋಡಿದಳು. ‘ಅವರು ಯಾಕ್ರೀ ಓಡ್ತಿದಾರೆ?’ ಅಂದಳು. ಆಗ ಹೊಳೆಯಿತು. ಹಡಗಿನಲ್ಲಿ ನಾಲ್ಕೂ ಹತ್ತು. ಮೀನು ಬರುವ ಮೊದಲೇ ದುಡ್ಡು ಇಟ್ಟು ಎದ್ದೆವು. ಅಕ್ಕನ ಒಂದು ಚಪ್ಪಲಿ ಈಗಲೂ ಪಟಾಂಗ್‌ನ ಮರಳಲ್ಲಿದೆ. ದೋಣಿಯ ಹಗ್ಗ ಬಿಚ್ಚುತ್ತಿದ್ದವನು ನಮ್ಮನ್ನು ನೋಡಿ ನಿಲ್ಲಿಸಿದ.

4. ಹಿಂದಿನಿಂದ ಎಣಿಸಿ

ಎಲ್ಲಿಗೆ ಹೋಗೋಣ, ಎಷ್ಟು ಹೊತ್ತು ನೋಡೋಣ ಅಂತ ಮುಂದಿನಿಂದ ಲೆಕ್ಕ ಹಾಕಿದರೆ ಯಾವತ್ತೂ ತಪ್ಪುತ್ತದೆ. ಕೊನೆಯ ದೋಣಿಯಿಂದ ಹಿಂದಕ್ಕೆ ಬನ್ನಿ. ಅದೇ ನಾಲ್ಕೂವರೆ ಇಟ್ಟುಕೊಳ್ಳಿ. ಕೊನೆಯ ಗಂಟೆಯಲ್ಲಿ ದೋಣಿಗೆ ಉದ್ದ ಸಾಲು ಇರುತ್ತದೆ, ಅಲೆ ಜಾಸ್ತಿಯಿದ್ದರೆ ಒಬ್ಬೊಬ್ಬರನ್ನೇ ಕೈಹಿಡಿದು ಹತ್ತಿಸುತ್ತಾರೆ. ಆದ್ದರಿಂದ ಮೂರೂವರೆಗೆ ದಡದಲ್ಲಿರಬೇಕು. ನೀವು ಫುಕೆಟ್‌ನ ಚಲಾಂಗ್ ದೇವಸ್ಥಾನ ನೋಡಲು ಹೋಗಿದ್ದೀರಿ, ಡ್ರೈವರ್ ‘ನಲವತ್ತೈದು ನಿಮಿಷ ಅಷ್ಟೇ’ ಅಂದ. ಅದನ್ನು ಡಬಲ್ ಮಾಡಿ. ಪಟಾಂಗ್‌ಗೂ ಫುಕೆಟ್ ಪೇಟೆಗೂ ನಡುವೆ ಒಂದು ಕಡಿದಾದ ಗುಡ್ಡದ ರಸ್ತೆಯಿದೆ. ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವವರು ಕೈಮರ ಚೆಕ್‌ಪೋಸ್ಟಿನಲ್ಲಿ ನಿಲ್ಲುವುದನ್ನು ನೋಡಿದ ನಮಗೆ ಗುಡ್ಡದ ರಸ್ತೆಯ ನಲವತ್ತೈದು ನಿಮಿಷ ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೂವರೆ ಗಂಟೆ ಕಳೆದರೆ ಎರಡು ಗಂಟೆ. ಎರಡಕ್ಕೆ ನೀವು ದೇವಸ್ಥಾನದ ಮುಂದೆ ಗಾಡಿಯಲ್ಲಿ ಕೂತಿರಬೇಕು.

ಈಗ ಡ್ರೈವರ್‌ಗೆ ಏನು ಹೇಳುತ್ತೀರಿ? ‘ಎರಡು ಗಂಟೆಗೆ ಬಾ’ ಅಂದರೆ ಕೆಟ್ಟಿರಿ. ಅವನ ಎರಡು ಗಂಟೆ ನಿಮ್ಮ ಮೂರು ಗಂಟೆ. ಅವನಿಗೆ ಹೇಳಬೇಕಾದದ್ದು ಒಂದು ಗಂಟೆ. ನಾನು ಒಂದು ಚೀಟಿಯಲ್ಲಿ ಎರಡೂ ಬರೆದು, ಅವನಿಗೆ ಬೇಕಾದ್ದಕ್ಕೆ ಸುತ್ತು ಹಾಕಿ ಅವನ ಕೈಗೇ ಕೊಡುತ್ತೇನೆ. ಮಧ್ಯಾಹ್ನದ ಊಟ ಹಡಗಿನಲ್ಲಿ. ಅದಕ್ಕೆ ದುಡ್ಡು ಕೊಟ್ಟಾಗಿದೆ.

5. ಯಾರ ಜೊತೆ ಹೋಗುವುದು

ಹಡಗಿನವರೇ ಮಾರುವ ಟೂರ್ ದುಬಾರಿ. ಆದರೆ ಅದು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ಇಲ್ಲವೇ ಅವರೇ ಮುಂದಿನ ಬಂದರಿಗೆ ಮುಟ್ಟಿಸುತ್ತಾರೆ. ನನ್ನ ಲೆಕ್ಕ ಸುಲಭ. ನಡೆದು ವಾಪಸ್ ಬರಬಹುದಾದ ಕಡೆ ಸ್ವಂತವಾಗಿ ಹೋಗಿ. ಪೆನಾಂಗ್‌ನಲ್ಲಿ ಹಡಗು ಜಾರ್ಜ್‌ಟೌನ್ ಪೇಟೆಯ ಅಂಚಿಗೇ ಬಂದು ನಿಲ್ಲುತ್ತದೆ. ಅಲ್ಲಿ ಟೂರ್‌ಗೆ ದುಡ್ಡು ಸುರಿಯುವುದು ಸುಮ್ನೆ ದಂಡ. ರೋಮ್ ನೋಡಬೇಕಾದರೆ ಹಡಗಿನ ಟೂರೇ ಸರಿ. ಹಡಗು ನಿಲ್ಲುವುದು ಚಿವಿಟವೆಕಿಯಾದಲ್ಲಿ, ಅಲ್ಲಿಂದ ರೋಮ್ ಸುಮಾರು 80 ಕಿಲೋಮೀಟರ್. ಅಲ್ಲಿ ರೈಲು ಕೈಕೊಟ್ಟರೆ ಯಾರೂ ಕಾಯುವುದಿಲ್ಲ.

ಒಬ್ಬ ಏಜೆಂಟರು ನಮಗೆ ‘ವಾಪಸ್ ಗ್ಯಾರಂಟಿ’ ಅಂತ ಅಚ್ಚು ಹಾಕಿದ ಟೂರ್ ಕೂಪನ್ ಮಾರಿದ್ದರು. ಹಿಂದೆ ತಿರುಗಿಸಿ ಸಣ್ಣಕ್ಷರ ಓದಿದರೆ, ತಡವಾದರೆ ಟೂರಿನ ದುಡ್ಡು ವಾಪಸ್ ಅಂತ ಅಷ್ಟೇ ಇತ್ತು. ಇನ್ಶೂರೆನ್ಸ್ ಕಥೆಯೂ ಹೆಚ್ಚುಕಡಿಮೆ ಹೀಗೇ. ವಿಮಾನ ತಡವಾಗಿ ಹಡಗು ತಪ್ಪಿದರೆ ಕೊಡುವವರಿದ್ದಾರೆ, ಮೀನು ತಿನ್ನುತ್ತಾ ತಪ್ಪಿಸಿಕೊಂಡರೆ ಕೊಡುವವರಿಲ್ಲ.

ಗುಂಪಾಗಿ ಹೋದರೆ ಟೈಮ್ ನೋಡುವ ಕೆಲಸ ಒಬ್ಬರಿಗೇ ಕೊಡಿ. ಎಲ್ಲರಿಗೂ ಬೇಕಾದ, ನಗುನಗುತ್ತಾ ಇರುವ ಮನುಷ್ಯನಿಗೆ ಕೊಡಬೇಡಿ. ನಮ್ಮಲ್ಲಿ ಈಗ ಅತ್ತಿಗೆ ನೋಡಿಕೊಳ್ಳುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು.

6. ತಪ್ಪಿಯೇ ಹೋದರೆ

ಬಾಡಿಗೆ ದೋಣಿ ಹಿಡಿದು ಅಟ್ಟಿಸಿಕೊಂಡು ಹೋಗಬೇಡಿ. ಸಾವೊ ಟೋಮೆಯಲ್ಲಿ ಏನಾಯಿತು ಅಂತ ಓದಿದಿರಲ್ಲ. ಪ್ರತಿ ಬಂದರಿನಲ್ಲೂ ಹಡಗಿನ ಪರವಾಗಿ ಒಬ್ಬ ಪೋರ್ಟ್ ಏಜೆಂಟ್ ಇರುತ್ತಾರೆ. ಅವರ ನಂಬರು ಹಿಂದಿನ ರಾತ್ರಿಯ ಹಾಳೆಯಲ್ಲೇ ಇರುತ್ತದೆ. ತಡವಾಗುತ್ತದೆ ಅಂತ ಗೊತ್ತಾದ ಕೂಡಲೇ ಅವರಿಗೆ ಫೋನ್ ಮಾಡಿ, ಹಡಗು ಹೋದಮೇಲಲ್ಲ. ಕಾರ್ಡ್ ಸ್ವೈಪ್ ಆಗದಿದ್ದರೆ ಯಾರು ಬಂದಿಲ್ಲ ಅಂತ ಹಡಗಿನವರಿಗೆ ಗೊತ್ತಾಗುತ್ತದೆ. ಎಷ್ಟೋ ಸಲ ಅವರು ಕ್ಯಾಬಿನ್‌ನ ಲಾಕರ್ ತೆಗೆದು ಪಾಸ್‌ಪೋರ್ಟ್ ಏಜೆಂಟರ ಕೈಗೆ ಕೊಟ್ಟು ಹೊರಡುತ್ತಾರೆ. ಅಲ್ಲಿಂದ ಮುಂದಿನ ಬಂದರಿಗೆ ವಿಮಾನ, ಹೋಟೆಲ್, ವೀಸಾ ಎಲ್ಲ ನಿಮ್ಮದೇ ಖರ್ಚು.

ಅದಕ್ಕೇ ಇಳಿಯುವಾಗ ಕೈಚೀಲದಲ್ಲಿ ಇವಿಷ್ಟು ಇರಲಿ: ಪಾಸ್‌ಪೋರ್ಟ್, ಅದನ್ನು ಹಡಗಿನವರೇ ಇಟ್ಟುಕೊಂಡಿದ್ದರೆ ಜೆರಾಕ್ಸ್ ಮತ್ತು ವೀಸಾದ ಪ್ರಿಂಟ್, ವಿದೇಶದಲ್ಲಿ ಖರ್ಚು ಮಾಡಲು ಮೊದಲೇ ದುಡ್ಡು ತುಂಬಿದ ಒಂದು ಫಾರೆಕ್ಸ್ ಕಾರ್ಡ್, ಸ್ವಲ್ಪ ಡಾಲರ್, ಫೋನ್ ಚಾರ್ಜರ್, ಬಿಪಿ ಶುಗರ್ ಇರುವವರಿಗೆ ಎರಡು ದಿನದ ಮಾತ್ರೆ. ಫುಕೆಟ್‌ನಲ್ಲಿ ನಾವು ಓಡಿದ ದಿನ ಅಕ್ಕನ ಮಾತ್ರೆ ಡಬ್ಬಿ ಕ್ಯಾಬಿನ್‌ನಲ್ಲಿತ್ತು, ಕನ್ನಡಿ ಮುಂದೆ, ಭಾವನ ವಾಚಿನ ಪಕ್ಕದಲ್ಲಿ.