ಅಡುಗೆಮನೆಯಿಂದ ವೇದಿಕೆಯವರೆಗೆ, ಒಂದೇ ಶಾಟ್

ಮೂರು ನಿಮಿಷದ ಒಂದು ಶಾಟನ್ನು ನಾನು ಎಷ್ಟೋ ವರ್ಷ ತಪ್ಪಾಗಿ ನೋಡಿದ್ದೆ. ಅದು 1990ರ 'ಗುಡ್‌ಫೆಲಾಸ್' ಸಿನಿಮಾದ್ದು, ಮಾರ್ಟಿನ್ ಸ್ಕೋರ್ಸೆಸಿ ನಿರ್ದೇಶನ. ಹೆನ್ರಿ ಅನ್ನೋ ಹುಡುಗ, ಮಾಫಿಯಾ ಗ್ಯಾಂಗಿನವನು, ಕ್ಯಾರೆನ್ ಅನ್ನೋ ಹುಡುಗಿಯನ್ನು ನ್ಯೂಯಾರ್ಕಿನ ಕೊಪಾಕಬಾನಾ ಕ್ಲಬ್ಬಿಗೆ ಕರೆದುಕೊಂಡು ಹೋಗುತ್ತಾನೆ. ಮುಂಬಾಗಿಲಲ್ಲಿ ಜನ ಸಾಲಾಗಿ ನಿಂತಿದ್ದಾರೆ. ಇವನು ಕಾರಿನ ಕೀಲಿ ಯಾರದೋ ಕೈಗೆ ಕೊಟ್ಟು, ರಸ್ತೆ ದಾಟಿ, ಪಕ್ಕದ ಮೆಟ್ಟಿಲು ಇಳಿದು, ಇಕ್ಕಟ್ಟಾದ ಕಾರಿಡಾರು, ಅಡುಗೆಮನೆ ಎಲ್ಲ ಹಾದು ಸೀದಾ ವೇದಿಕೆಯ ಮುಂದೆ ಬಂದು ಕೂರುತ್ತಾನೆ. ನಡುವೆ ಒಂದೂ ಕಟ್ ಇಲ್ಲ.

ಮದುವೆ ವಿಡಿಯೋ ಮಾಡೋದು ನನ್ನ ಕೆಲಸ, ಹುಬ್ಬಳ್ಳಿಯಲ್ಲಿ 14 ವರ್ಷದಿಂದ. ಹಾಗಾಗಿ ಆ ಶಾಟ್ ನೋಡಿದಾಗೆಲ್ಲ ನನ್ನ ತಲೆಯಲ್ಲಿ ಕ್ಯಾಮೆರಾ ಹೊತ್ತವನೇ ಇರುತ್ತಿದ್ದ. ಅವರ ಹೆಸರು ಲ್ಯಾರಿ ಮೆಕಾಂಕಿ. ಇಡೀ ಸಿನಿಮಾದ ಛಾಯಾಗ್ರಾಹಕ ಮೈಕೆಲ್ ಬಾಲ್‌ಹೌಸ್. ಎಂಥ ಕೈ, ಎಂಥ ಕಾಲು ಅಂತಷ್ಟೇ ಅಂದುಕೊಳ್ಳುತ್ತಿದ್ದೆ. ಆ ಹುಡುಗಿಯ ಕಡೆ ಗಮನವೇ ಹೋಗಿರಲಿಲ್ಲ.

ಕಳೆದ ವರ್ಷ ಧಾರವಾಡದಲ್ಲಿ ಒಂದು ಮದುವೆ ಒಪ್ಪಿಕೊಂಡೆ. ಮದುಮಗಳ ಅಪ್ಪ ಅಡುಗೆ ಗುತ್ತಿಗೆ ಮಾಡುವವರು. ಅವಳು ಚಿಕ್ಕಂದಿನಿಂದ ಮದುವೆ ಮನೆಗಳ ಅಡುಗೆಕೋಣೆಯಲ್ಲೇ ಓಡಾಡಿ ಬೆಳೆದವಳು. ಈಗ ಅದೇ ಅಡುಗೆಯವರು ಅವಳ ಮದುವೆಗೇ ಹೋಳಿಗೆ ಮಾಡುತ್ತಿದ್ದಾರೆ. ಹುಡುಗ ಬೆಂಗಳೂರಿನವನು, ಅವರನ್ನು ಒಮ್ಮೆಯೂ ನೋಡಿಲ್ಲ. ಆರತಕ್ಷತೆಗೆ ಮುಂಬಾಗಿಲಿನಿಂದ ಬರುವ ಬದಲು, ಇವಳೇ ಅವನ ಕೈ ಹಿಡಿದು ಹಿಂದಿನಿಂದ, ಅಡುಗೆಮನೆ ಮೂಲಕ ಕರೆತಂದರೆ ಹೇಗೆ? ಕೇಳಿದೆ. ಅವಳು ಅಲ್ಲೇ ಹೂಂ ಅಂದಳು, ಅವರ ಅಪ್ಪ ಮಾತ್ರ ಎರಡು ದಿನ ತಗೊಂಡರು.

ಆ ರಾತ್ರಿ ಶಾಟನ್ನು ಮತ್ತೆ ಹಾಕಿ ನೋಡಿದೆ. ಅದು ಹೊಸದಾಗಿ ಕಂಡಿತು. ಹೆನ್ರಿಗೆ ಆ ದಾರಿಯಲ್ಲಿ ಹೊಸದು ಅನ್ನೋದು ಏನೂ ಇಲ್ಲ. ಹೊಸದಾಗಿ ನೋಡುತ್ತಿರುವವಳು ಕ್ಯಾರೆನ್. ಬಾಗಿಲು ತಾವಾಗೇ ತೆರೆಯುತ್ತವೆ, ಎಲ್ಲರೂ ಅವನನ್ನು ಮಾತಾಡಿಸುತ್ತಾರೆ, ಅವನು ಬಾಗಿಲು ಕಾಯುವವರ ಕೈಗೆ ಇಪ್ಪತ್ತು ಇಪ್ಪತ್ತು ಡಾಲರ್ ಇಡುತ್ತಾನೆ, ಕೊನೆಗೆ ಇವರಿಗಾಗಿಯೇ ಒಂದು ಟೇಬಲ್ ಗಾಳಿಯಲ್ಲಿ ತೇಲಿದ ಹಾಗೆ ಬಂದು ಎಲ್ಲರಿಗಿಂತ ಮುಂದೆ ಕೂರುತ್ತದೆ. ಒಂದು ಕಡೆ ಕಟ್ ಮಾಡಿದ್ದರೂ ಅವಳಿಗೆ ಉಸಿರಾಡಲು, ಯೋಚಿಸಲು ಸಮಯ ಸಿಗುತ್ತಿತ್ತು. ಕೊಡಲಿಲ್ಲ. ಕೆಲಸ ಏನು ಮಾಡ್ತೀಯ ಅಂತ ಅವಳು ಕೇಳೋದೇ ಎಲ್ಲ ಮುಗಿದು ಕೂತ ಮೇಲೆ. ಕಟ್ಟಡದ ಕೆಲಸ ಅನ್ನುತ್ತಾನೆ. ಅಷ್ಟು ಹೊತ್ತಿಗೆ ಅವಳು ಅವನ ಲೋಕದ ಒಳಗೆ ಬಂದಾಗಿದೆ, ಅಲ್ವಾ?

ಇನ್ನೊಂದು ವಿಷಯ. ಅವರು ಅಡುಗೆಮನೆಯನ್ನು ಸುಮ್ನೆ ಒಂದು ಸುತ್ತು ಹಾಕಿ ಹೊರಗೆ ಬರುತ್ತಾರೆ. ದಾರಿಗೆ ಅದರ ಅಗತ್ಯವೇ ಇಲ್ಲ. ಆದರೆ ಉರಿ, ಪಾತ್ರೆ, ಬಿಳಿ ಬಟ್ಟೆಯ ಅಡುಗೆಯವರು, ಅವರ ನಡುವೆ ಇವರಿಬ್ಬರು. ಆ ಸುತ್ತು ಇಲ್ಲದಿದ್ದರೆ ಶಾಟ್ ಬರೀ ಕಾರಿಡಾರು.

ಈಗ ನನ್ನ ಕಥೆ. ಆ ಸಿನಿಮಾದವರು ಬಳಸಿದ್ದು ಸ್ಟೆಡಿಕ್ಯಾಮ್. ಗ್ಯಾರೆಟ್ ಬ್ರೌನ್ ಅನ್ನುವವರು 70ರ ದಶಕದಲ್ಲಿ ಮಾಡಿದ ಸಾಧನ. ಮೈಗೆ ಬಿಗಿದ ಜಾಕೆಟ್ಟು, ಅದಕ್ಕೊಂದು ಸ್ಪ್ರಿಂಗ್ ತೋಳು, ತೋಳಿನ ತುದಿಗೆ ಕ್ಯಾಮೆರಾ. ನಡೆಯುವಾಗ ಮೈ ಮೇಲೆ ಕೆಳಗೆ ಆಗುವುದನ್ನು ಆ ತೋಳು ನುಂಗುತ್ತದೆ. ನನ್ನ ಹತ್ತಿರ ಇರೋದು ಮೋಟಾರಿನ ಗಿಂಬಲ್, ಕ್ಯಾಮೆರಾ ಕೂರಿಸಿ ಕೈಯಲ್ಲಿ ಹಿಡಿಯುವ ಹಿಡಿಕೆ. ಅದು ಓರೆ, ವಾಲುವಿಕೆ, ತಿರುಗುವಿಕೆ ಮೂರನ್ನೂ ತಡೆಯುತ್ತದೆ, ಆದರೆ ಹೆಜ್ಜೆಯ ಕುಲುಕನ್ನು ತಡೆಯುವುದಿಲ್ಲ. ಆ ಕೆಲಸ ಮೊಣಕಾಲಿನದು. ಮೊಣಕಾಲು ಸ್ವಲ್ಪ ಬಗ್ಗಿಸಿ, ಮೊದಲು ಹಿಮ್ಮಡಿ ಊರಿ, ಪಾದವನ್ನು ನಿಧಾನ ಉರುಳಿಸುತ್ತಾ ನಡೆಯಬೇಕು. ಮೂರು ವಾರ ಬೆಳಿಗ್ಗೆ ಉಣಕಲ್ ಕೆರೆ ದಂಡೆಯಲ್ಲಿ ಸ್ಟೀಲ್ ಲೋಟದ ತುಂಬ ನೀರು ಹಿಡಿದು ನಡೆದೆ. ನೀರು ಚೆಲ್ಲದ ಹಾಗೆ ನಡೆಯೋದು ಬಂದ ಮೇಲೆ ದುರ್ಗದ ಬೈಲಿನ ಸಂತೆ ಗದ್ದಲದಲ್ಲಿ, ಜನ ಅಡ್ಡ ಬರುವಾಗ ತಡೆದು, ಸರಿದು, ಮತ್ತೆ ಅದೇ ವೇಗಕ್ಕೆ ಬರೋದನ್ನು ಅಭ್ಯಾಸ ಮಾಡಿದೆ. ಇದೇ ಜಾಸ್ತಿ ಉಪಯೋಗಕ್ಕೆ ಬಂತು.

ಬೆಳಕಿನದು ಬೇರೆ ತಲೆನೋವು. ಹಿತ್ತಿಲಲ್ಲಿ ಸಂಜೆ ಬಿಸಿಲು, ಒಳಗೆ ಟ್ಯೂಬ್‌ಲೈಟು, ವೇದಿಕೆಯ ಮೇಲೆ ಕಣ್ಣು ಕುಕ್ಕುವ ಎಲ್‌ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಅದಕ್ಕೆ ಹೊಂದದಿದ್ದರೆ ವಿಡಿಯೋದಲ್ಲಿ ಪಟ್ಟೆ ಓಡುತ್ತವೆ. ಸೆಕೆಂಡಿಗೆ 25 ಫ್ರೇಮು, ಶಟರ್ 1/50, ಎರಡನ್ನೂ ಮುಟ್ಟದೆ ಬಿಟ್ಟೆ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ, ಅದು ಮಾತ್ರ ತಾನೇ ಏರಿಳಿಯಲಿ ಅಂತ, ಅದಕ್ಕೂ ಒಂದು ಮೇಲ್ಮಿತಿ ಇಟ್ಟೆ. ಬಿಸಿಲನ್ನು ಬಿಟ್ಟೇಬಿಟ್ಟೆ. ಹೊತ್ತು ಮುಳುಗಿದ ಮೇಲೆ, ಹಿತ್ತಿಲ ಶಾಮಿಯಾನದ ಕೆಳಗಿನಿಂದ ಶುರು ಅಂತ ತೀರ್ಮಾನ ಮಾಡಿದೆ. ಲೆನ್ಸು ಅಗಲದ್ದು, 20 ಎಂಎಂ. ಅಗಲ ಇದ್ದರೆ ಕುಲುಕೂ ಕಡಿಮೆ ಕಾಣುತ್ತದೆ, ಫೋಕಸ್ಸಿನ ಭಯವೂ ಕಡಿಮೆ.

ಮದುಮಗನ ಕಾಲರಿನೊಳಗೆ ಚಿಕ್ಕ ಮೈಕು ಇಟ್ಟೆ. ಸಿನಿಮಾದಲ್ಲಿ ಕ್ರಿಸ್ಟಲ್ಸ್ ತಂಡದ ಹಾಡು ಇಡೀ ದಾರಿಯನ್ನು ಒಂದು ಮಾಡುತ್ತದೆ. ನನಗೆ ಹಾಡು ಬೇಡ ಅನಿಸಿತು. ಒಲೆಯ ಭರ್ ಅನ್ನೋ ಸದ್ದು, ಸೌಟಿನ ಸದ್ದು, ಆಮೇಲೆ ದೂರದಿಂದ ಸನಾದಿ, ಬಾಗಿಲು ತೆರೆದಾಗ ಆ ಸನಾದಿ ಒಮ್ಮೆಲೇ ತುಂಬಿ ಬರೋದು. ಅದಕ್ಕಿಂತ ಒಳ್ಳೆಯ ಹಾಡು ಎಲ್ಲಿ ಸಿಗುತ್ತದೆ?

ನನ್ನ ಸಹಾಯಕರಿಬ್ಬರನ್ನು ಜೋಡಿ ಮಾಡಿ ಮೂರು ಸಲ ನಡೆಸಿದೆ. 212 ಹೆಜ್ಜೆ. ಮೊದಲ ಸಲ ಅಡುಗೆಮನೆ ಬಾಗಿಲಲ್ಲಿ ಇಬ್ಬರ ಬೆನ್ನು ಬಿಟ್ಟು ಏನೂ ಕಾಣಲಿಲ್ಲ. ಆಗ ಸಿನಿಮಾದಲ್ಲಿ ಹೆನ್ರಿ ಯಾಕೆ ಅಲ್ಲಲ್ಲಿ ಮಾತಾಡುತ್ತಾ ತಿರುಗುತ್ತಾನೆ ಅನ್ನೋದು ಅರ್ಥ ಆಯಿತು. ತಿರುಗಿದಾಗಲೇ ಮುಖ ಸಿಗೋದು. ಕಾರಿಡಾರಿನಲ್ಲಿ ನಿಂತ ಜೋಡಿಯೊಂದನ್ನು ಅವನು ಗದರಿಸುವುದೂ ಹಾಗೇ, ಬರೀ ನಡಿಗೆಗೆ ಅಲ್ಲೊಂದು ಜೀವ ಬರುತ್ತದೆ. ಹಾಗಾಗಿ ಎಲ್ಲೆಲ್ಲಿ ಯಾರು ಮಾತಾಡಿಸಬೇಕು ಅಂತ ಐದು ಜಾಗ ಗುರುತು ಮಾಡಿದೆ. ಎರಡನೇ ಸಲ ಹುಗ್ಗಿಯ ಕೊಪ್ಪರಿಗೆಯ ಹಬೆ ಲೆನ್ಸಿಗೆ ಹಿಡಿದು ಎಲ್ಲ ಮಬ್ಬು. ಒಂದು ಮಾರು ದೂರದಿಂದ ಹೋಗಬೇಕು, ಕ್ಯಾಮೆರಾವನ್ನು ಅರ್ಧ ಗಂಟೆ ಮೊದಲೇ ಅಡುಗೆಮನೆಯ ಶೆಖೆಗೆ ಹೊಂದಿಸಿ ಇಡಬೇಕು. ತಂಪಾದ ಗಾಜಿಗೆ ಮಾತ್ರ ಹಬೆ ಕೂರುತ್ತದೆ. ಕೊಪ್ಪರಿಗೆ ಸರಿಸಿ ಅಂತ ಕೇಳಿದ್ದಕ್ಕೆ, "ಸರಿಸಾಕ ಆಗಂಗಿಲ್ಲ ತಮ್ಮಾ, ತಳಾ ಹಿಡೀತದ" ಅಂದರು ಅಡುಗೆಯವರು. ಅವರ ಮಾತೇ ಸರಿ. ಮೂರನೇ ಸಲ ಸರಿಯಾಯಿತು.

ನಿಜವಾದ ಜೋಡಿಗೆ ಸಿಕ್ಕಿದ್ದು ಒಂದೇ ಅವಕಾಶ. ವೇದಿಕೆಯ ಮುಂದೆ ಆರುನೂರು ಜನ ಕಾಯುತ್ತಿದ್ದರು. ಅವಳು ಮುಂದೆ, ಅವನು ಅರ್ಧ ಹೆಜ್ಜೆ ಹಿಂದೆ, ನಾನು ಅವನ ಬಲ ಹೆಗಲ ಹಿಂದೆ. ಯಾಕಂದರೆ ಇಲ್ಲಿ ಕ್ಯಾರೆನ್ ಜಾಗದಲ್ಲಿ ಇರೋದು ಅವನು. ರೊಟ್ಟಿ ಬಡಿಯುವವರು ತಲೆ ಎತ್ತಿದರು. ಕಾಕಾ, ಚಿಗವ್ವ ಅಂತ ಅವಳು ಒಬ್ಬೊಬ್ಬರನ್ನೂ ಕರೆಯುತ್ತಾ ಹೋದಳು. ಹೆನ್ರಿ ನೋಟು ಕೊಟ್ಟು ಹೋದ ದಾರಿಯಲ್ಲಿ ಇವಳು ಬರೀ ಸಂಬಂಧ ಹಿಡಿದು ಹೋಗುತ್ತಿದ್ದಳು, ಅದು ನನಗೆ ನಡೆಯುತ್ತಿರುವಾಗಲೇ ಹೊಳೆದು ಗಂಟಲು ಕಟ್ಟಿತು.

ಹೋಳಿಗೆ ಹಂಚಿನ ಹತ್ತಿರ ಯಾರೂ ನಿಲ್ಲಬೇಕಾಗಿರಲಿಲ್ಲ. ಆದರೆ ಅಲ್ಲಿದ್ದ ಹಿರಿಯ ಅಡುಗೆಯವರು ಅಡ್ಡ ಬಂದು, ಬಿಸಿ ಹೋಳಿಗೆ ಮುರಿದು, ಊದಿ, ಹುಡುಗನ ಬಾಯಿಗೆ ಇಟ್ಟರು. ಆಮೇಲೆ ಅವನ ಗಲ್ಲ ಹಿಡಿದು ಸುಮ್ಮನೆ ನೋಡಿದರು. ಹನ್ನೊಂದು ಸೆಕೆಂಡು. ನನ್ನ ತೋಳು ನಡುಗುತ್ತಿತ್ತು, ಮೂರು ಕೆಜಿ ಹತ್ತಿರ ಭಾರ. ಮೊಣಕೈ ಪಕ್ಕೆಗೆ ಒತ್ತಿ ನಿಂತೆ. ದುರ್ಗದ ಬೈಲಿನಲ್ಲಿ ಕಲಿತದ್ದು ಅಲ್ಲೇ ಕೆಲಸಕ್ಕೆ ಬಂತು. ಹುಡುಗ ಅಗಿಯುತ್ತಲೇ ಅವಳ ಕಡೆ ತಿರುಗಿ ನಕ್ಕ. ಆ ಮುಖ ನನಗೆ ಸಿಕ್ಕಿತು. ಮುಂದಿನ ಬಾಗಿಲು ತೆರೆಯಿತು, ಸನಾದಿ ತುಂಬಿಕೊಂಡಿತು.

ಒಟ್ಟು 3 ನಿಮಿಷ 20 ಸೆಕೆಂಡು. ಬರುವ ತಿಂಗಳು ಗದಗಿನಲ್ಲಿ ಇನ್ನೊಂದು ಮದುವೆ ಇದೆ, ಅಲ್ಲಿ ಅಡುಗೆ ಹೊರಗಿನ ತಗಡಿನ ಶೆಡ್ಡಿನಲ್ಲಿ. ಭಾನುವಾರ ಹೋಗಿ ಹೆಜ್ಜೆ ಎಣಿಸಿ ಬರಬೇಕು.