ಬಿಳಿ ಮಚ್ಚೆಯ ಮಾನ್‌ಸ್ಟೆರಾ ಕೊಳ್ಳುವ ಮುನ್ನ ಕಾಂಡವನ್ನು ನೋಡಿ

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಹಸಿರು ಎಲೆಯಲ್ಲಿ ಬಿಳಿ ಮಚ್ಚೆಯಿರುವ ಅಲಂಕಾರಿಕ ಗಿಡ ಮಾನ್‌ಸ್ಟೆರಾ ಆಲ್ಬೊ ಕೊಳ್ಳಬೇಕೆಂದಿರುವವರು ಎಲೆಗೆ ಮರುಳಾಗದೆ ಮೊದಲು ಕಾಂಡವನ್ನು ಪರೀಕ್ಷಿಸುವುದು ಒಳ್ಳೆಯದು. ಈ ಗಿಡದಲ್ಲಿ ಪತ್ರಹರಿತ್ತು ಇರುವ ಮತ್ತು ಇಲ್ಲದ ಎರಡು ಬಗೆಯ ಜೀವಕೋಶಗಳು ಒಟ್ಟಿಗೆ ಬೆಳೆಯುತ್ತವೆಯಾದ್ದರಿಂದ, ಗೆಣ್ಣಿನ ಮೊಗ್ಗಿನ ಮೇಲೆ ಬಿಳಿ ಗೆರೆ ಹಾದುಹೋಗಿದ್ದರೆ ಹೊಸ ಚಿಗುರಿನಲ್ಲೂ ಬಿಳುಪು ಮೂಡುವ ಸಂಭವ ಹೆಚ್ಚು. ನಮ್ಮ ಬಾಲ್ಕನಿಯ ಗಿಡ ಸಾಲಾಗಿ ಮೂರು ಹಸಿರು ಎಲೆಗಳನ್ನೇ ಬಿಟ್ಟಾಗ, ಗೆರೆಯಿದ್ದ ಗೆಣ್ಣಿನ ತುಸು ಮೇಲಕ್ಕೆ ಕತ್ತರಿಸಿದೆ. ಅಲ್ಲಿಂದ ಒಡೆದ ಚಿಗುರು ಅರ್ಧ ಬಿಳಿಯಾಗಿತ್ತು. ಪೂರ್ತಿ ಬಿಳಿ ಎಲೆ ಬಂದರೆ ಹಿಗ್ಗಬೇಡಿ, ಅದು ಆಹಾರ ತಯಾರಿಸಲಾರದು. ಪಿಂಕ್ ಕಾಂಗೊ ಫಿಲೊಡೆಂಡ್ರಾನ್ ಎಂಬ ಇನ್ನೊಂದು ಅಲಂಕಾರಿಕ ಗಿಡದ ಎಲೆಗಳ ಗುಲಾಬಿ ಬಣ್ಣವಂತೂ ರಾಸಾಯನಿಕದಿಂದ ಬರಿಸಿದ್ದು, ಕೆಲವೇ ತಿಂಗಳಲ್ಲಿ ಹೊಸ ಎಲೆಗಳು ಹಸಿರಾಗುವುದರಿಂದ ಅದಕ್ಕೆ ಹಣ ಸುರಿಯುವುದು ದಂಡ. ಹಳದಿ ಅಂಚಿನ ಸ್ನೇಕ್ ಪ್ಲಾಂಟನ್ನು ಎಲೆಯ ತುಂಡಿನಿಂದ ಬೆಳೆಸಿದರೆ ಅಂಚು ಮಾಯವಾಗುತ್ತದೆ. ಗಡ್ಡೆಯನ್ನೇ ಬೇರ್ಪಡಿಸಿ ನೆಡಿ.